ರೋಗ ರಕ್ತದಲ್ಲಿ, ತಪ್ಪು ಕೋಶಕೇಂದ್ರದಲ್ಲಿ: ಇಳಕಲ್‌ನ ಮಗ್ಗದ ಮುಂದೆ ಕೂತು ಹೇಳಿದ್ದು

ಕಳೆದ ತಿಂಗಳು ಶಾಲೆ ಬಿಡುವ ಹೊತ್ತಿಗೆ ನನ್ನ ವಿದ್ಯಾರ್ಥಿನಿಯೊಬ್ಬಳ ಅಪ್ಪ ಗೇಟಿನ ಹತ್ತಿರ ನಿಂತಿದ್ದರು. ಇಳಕಲ್‌ನವರೇ, ನೇಕಾರರು. ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದರು. ವಿದೇಶದಲ್ಲಿ ಥಲಸ್ಸೇಮಿಯಾ ಇದ್ದ ಹುಡುಗಿಯೊಬ್ಬಳ ಜೀನ್ ಕತ್ತರಿಸಿ ಗುಣ ಮಾಡಿದ್ದಾರೆ, ಈಗ ಆಕೆಗೆ ರಕ್ತ ಹಾಕಿಸುವ ಅಗತ್ಯವೇ ಇಲ್ಲ ಅಂತ ಅದರಲ್ಲಿ ಹೇಳುತ್ತಿದ್ದರು. "ಸರ, ಇದು ಖರೇ ಏನ್ರಿ? ನಮ್ಮ ಹುಡುಗಿಗೂ ಆಗ್ತದೇನ್ರಿ?" ಅಂತ ಕೇಳಿದರು.

ಆ ಹುಡುಗಿ 9ನೇ ತರಗತಿ. ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ಸಾಕಷ್ಟು ರಕ್ತ ತಯಾರಾಗದ, ಹುಟ್ಟಿನಿಂದಲೇ ಬರುವ ರೋಗದ ತೀವ್ರ ರೂಪ. ಮೂರು ವಾರಕ್ಕೊಮ್ಮೆ ಅಪ್ಪನೋ ಅಣ್ಣನೋ ಬೆಳಗಿನ ಬಸ್ಸಿಗೆ ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಕರೆದುಕೊಂಡು ಹೋಗುತ್ತಾರೆ, ರಕ್ತ ಏರಿಸಿಕೊಂಡು ಸಂಜೆ ವಾಪಸ್ ಬರುತ್ತಾರೆ. ರಕ್ತ ಏರಿಸಿದ ಮಾರನೇ ವಾರ ಮೊದಲ ಬೆಂಚಿನಲ್ಲಿ ಕೂತು ಪಟಪಟ ಉತ್ತರ ಹೇಳುತ್ತಾಳೆ. ಮೂರನೇ ವಾರ ಬರುವಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದು ಡೆಸ್ಕಿನ ಮೇಲೆ ತಲೆ ಇಟ್ಟುಬಿಡುತ್ತಾಳೆ.

"ಖರೇ ಐತ್ರಿ" ಅಂದೆ. ಮುಂದಿನ ಮಾತು ಗೇಟಿನ ಹತ್ತಿರ ನಿಂತು ಹೇಳುವಂಥದ್ದಲ್ಲ. ಆ ಭಾನುವಾರ ಅವರ ಮನೆಗೆ ಹೋದೆ. ಅವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು, ನಾನು ಪಕ್ಕದಲ್ಲಿ ಚಾಪೆ ಮೇಲೆ ಕೂತೆ. ಅಲ್ಲಿ ಹೇಳಿದ್ದನ್ನೂ, ಅವತ್ತು ಹೇಳಲಾಗದೆ ಉಳಿದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇಂಥ ವಿಡಿಯೋ ಈಗ ಬಹಳ ಜನರ ಮೊಬೈಲಿಗೆ ಬರುತ್ತಿವೆ. ಜೀನ್ ಕತ್ತರಿಸುತ್ತಾರೆ ಅಂತ ಹೇಳುತ್ತವೆ. ಎಲ್ಲಿ ಕತ್ತರಿಸುತ್ತಾರೆ, ಯಾಕೆ ಅದಕ್ಕೆ ಕೋಟಿಗಟ್ಟಲೆ ಬೇಕು, ಅದರಿಂದ ಏನು ಬದಲಾಗುವುದಿಲ್ಲ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಅದೇ ವಾರ ನಾನು 9ನೇ ತರಗತಿಗೆ ಜೀವಕೋಶದ ಪಾಠ ಮಾಡುತ್ತಿದ್ದೆ. ನಮ್ಮ ಕಡೆ ಉಳ್ಳಾಗಡ್ಡಿಗೆ ಬರ ಇಲ್ಲ. ಒಂದು ಹೋಳು ತೆಗೆದು ಮುರಿದು, ಒಳಮೈಯ ತೆಳು ಪೊರೆಯನ್ನು ಚಿಮಟಿಗೆಯಿಂದ ಎಳೆದು, ಗಾಜಿನ ಮೇಲಿಟ್ಟು ಒಂದು ಹನಿ ಅಯೋಡಿನ್ ಬಿಟ್ಟರೆ ಆಯಿತು. ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆ ಗೋಡೆಯ ಹಾಗೆ ಕೋಶಗಳು, ಪ್ರತಿಯೊಂದರ ಒಂದು ಬದಿಗೆ ಕಂದು ಚುಕ್ಕೆ. ಆ ಚುಕ್ಕೆಯೇ ಕೋಶಕೇಂದ್ರ, ಜೀನುಗಳಿರುವ ಜಾಗ. ಆಮೇಲೆ ಕೆನ್ನೆಯ ಒಳಗಡೆ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ನೀಲಿ ಬಣ್ಣ ಹಾಕಿ ನೋಡಿದರು. ಅಲ್ಲೂ ನಡುವೆ ಚುಕ್ಕೆ. ಮೂರನೆಯದು ರಕ್ತದ ರೆಡಿಮೇಡ್ ಸ್ಲೈಡ್. ತಿಳಿಗುಲಾಬಿ ಬಿಲ್ಲೆಗಳು, ನಡುವೆ ಸ್ವಲ್ಪ ಮಾಸಲು. ಚುಕ್ಕೆ ಇಲ್ಲ. ಅಲ್ಲೊಂದು ಇಲ್ಲೊಂದು ದೊಡ್ಡ ಬಿಳಿ ರಕ್ತಕಣ, ಅದರೊಳಗೆ ಮಾತ್ರ ನೇರಳೆ ಬಣ್ಣದ ಗಂಟುಗಂಟಾದ ಕೋಶಕೇಂದ್ರ. ಬೇರೆ ಮಕ್ಕಳು ಒಂದೊಂದು ನಿಮಿಷ ನೋಡಿ ಸರಿದರು. ಈ ಹುಡುಗಿ ಮಾತ್ರ ಕಣ್ಣು ತೆಗೆಯಲಿಲ್ಲ. "ಸರ್, ಇದರಾಗ ಚುಕ್ಕಿನೇ ಇಲ್ಲಲ್ರಿ. ಮತ್ತ ನನ್ನ ಜೀನ್ ಎಲ್ಲಿ ಕೆಟ್ಟೈತಿ?"

ಎಷ್ಟು ಸರಿಯಾದ ಪ್ರಶ್ನೆ ನೋಡಿ! ಥಲಸ್ಸೇಮಿಯಾ ರಕ್ತದ ರೋಗ. ಕೆಟ್ಟಿರುವುದು ಕೆಂಪು ರಕ್ತಕಣ. ಆದರೆ ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೇ ಇಲ್ಲ, ಹಾಗಾಗಿ ಜೀನೂ ಇಲ್ಲ. ಹಾಗಾದರೆ ಕತ್ತರಿ ಹಾಕುವುದು ಎಲ್ಲಿ?

ಉತ್ತರ ಮೂಳೆಯೊಳಗಿನ ಮಜ್ಜೆಯಲ್ಲಿದೆ. ಅಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಹುಟ್ಟುತ್ತವೆ. ಹುಟ್ಟುವಾಗ ಅವಕ್ಕೂ ಕೋಶಕೇಂದ್ರ ಇರುತ್ತದೆ. ಬೆಳೆಯುತ್ತಾ ಹೋದಂತೆ ಕೋಶಕೇಂದ್ರ ಕುಗ್ಗಿ ಗಟ್ಟಿಯಾಗಿ, ಕೊನೆಗೆ ಕಣ ಅದನ್ನು ಹೊರಗೆ ದೂಡಿಬಿಡುತ್ತದೆ, ಪಕ್ಕದಲ್ಲೇ ಕಾದಿರುವ ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಹೊರಹಾಕುವ ಮೊದಲೇ ಹಿಮೋಗ್ಲೋಬಿನ್, ಅಂದರೆ ಆಮ್ಲಜನಕ ಹೊರುವ ಪ್ರೋಟೀನ್, ಮಾಡಲು ಬೇಕಾದ ಜೀನಿನ ನಕಲುಗಳನ್ನು ತೆಗೆದಿಟ್ಟುಕೊಂಡಿರುತ್ತದೆ. ಆ ನಕಲಿನ ಬಲದ ಮೇಲೆ ಇನ್ನೊಂದೆರಡು ದಿನ ಹಿಮೋಗ್ಲೋಬಿನ್ ಮಾಡಿಕೊಂಡು, ಆಮೇಲೆ ಸುಮಾರು 120 ದಿನ ಮೈಯೆಲ್ಲಾ ಸುತ್ತುತ್ತದೆ. ಒಂದೊಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಜಾಗ ಜಾಸ್ತಿ ಬೇಕು, ಮೈ ಬಳುಕಬೇಕು, ತನಗಿಂತ ಕಿರಿದಾದ ನಾಳದಲ್ಲೂ ನುಸುಳಬೇಕು. ಕೋಶಕೇಂದ್ರ ಇಲ್ಲದ್ದು ಅದಕ್ಕೆಲ್ಲ ಅನುಕೂಲ. ಕೋಳಿಗೆ ಹೀಗಿಲ್ಲ. ಕೋಳಿ ರಕ್ತದ ಸ್ಲೈಡ್ ನೋಡಿದರೆ ಪ್ರತಿ ಕೆಂಪು ಕಣದಲ್ಲೂ ಚುಕ್ಕೆ ಕಾಣುತ್ತದೆ. ಮೀನಿಗೂ ಹಾಗೇ.

ಅಂದರೆ ತಪ್ಪು ನಡೆದದ್ದು ಆ ಕಣ ಇನ್ನೂ ಮಜ್ಜೆಯಲ್ಲಿದ್ದಾಗ, ಅದಕ್ಕೆ ಕೋಶಕೇಂದ್ರ ಇದ್ದಾಗ. ರಕ್ತಕ್ಕೆ ಬರುವ ಹೊತ್ತಿಗೆ ತಪ್ಪು ಮಾಡಿದ ಜಾಗವೇ ಇಲ್ಲ, ತಪ್ಪಿನ ಫಲ ಮಾತ್ರ ಇದೆ.

ಈ ಕೋಶಕೇಂದ್ರ ಅನ್ನುವುದಕ್ಕೆ ನ್ಯೂಕ್ಲಿಯಸ್ ಅಂತ ಹೆಸರಿಟ್ಟದ್ದು ರಾಬರ್ಟ್ ಬ್ರೌನ್, 1831ರಲ್ಲಿ, ಆರ್ಕಿಡ್ ಗಿಡದ ಕೋಶಗಳನ್ನು ನೋಡುತ್ತಾ. ನಾವು ಮೇಷ್ಟ್ರುಗಳು ಇದನ್ನು "ಜೀವಕೋಶದ ಮೆದುಳು" ಅಂತ ಹೇಳಿಕೊಡುತ್ತೇವೆ. ನಾನೂ ಹಲವು ವರ್ಷ ಹಾಗೇ ಬರೆಸಿದ್ದೇನೆ, ಈಗ ಬಿಟ್ಟಿದ್ದೇನೆ. ಮೆದುಳು ಅಂದ ಕೂಡಲೇ ಅದು ಯೋಚನೆ ಮಾಡಿ ಅಪ್ಪಣೆ ಕೊಡುತ್ತದೆ ಅಂತ ಮಕ್ಕಳು ತಿಳಿಯುತ್ತಾರೆ. ಅಲ್ಲಿ ಯಾರೂ ಅಪ್ಪಣೆ ಕೊಡುವುದಿಲ್ಲ. ನೂಲು ಇದೆ, ಅದನ್ನು ಸುತ್ತುವ ಬಿಚ್ಚುವ ಕೆಲಸ ಇದೆ, ನಕಲು ತೆಗೆಯುವ, ಕತ್ತರಿಸುವ, ಜೋಡಿಸುವ ಕೆಲಸ ಇದೆ. ಮೆದುಳಿಗಿಂತ ನೇಕಾರರ ಮನೆಗೆ ಹೆಚ್ಚು ಹತ್ತಿರ. ಮಗ್ಗದ ಮುಂದೆ ಕೂತಾಗ ಅದು ನನಗೆ ಹೊಳೆಯಿತು, ಅವರಿಗೂ ಆ ದಾರಿಯಲ್ಲೇ ಹೇಳಿದೆ.

ಮೊದಲು ನೂಲು. ನಮ್ಮ ಒಂದು ಕೋಶಕೇಂದ್ರದ ಅಡ್ಡಳತೆ ಸುಮಾರು 6 ಮೈಕ್ರೊಮೀಟರ್. ಅದರೊಳಗೆ 46 ವರ್ಣತಂತುಗಳು, ಎಲ್ಲದರ ಡಿಎನ್‌ಎ, ಅಂದರೆ ಜೀನುಗಳ ಪಾಠ ಅಕ್ಷರ ಅಕ್ಷರವಾಗಿ ಬರೆದಿರುವ ನೂಲನ್ನು, ಬಿಡಿಸಿ ಒಂದಕ್ಕೊಂದು ಸೇರಿಸಿದರೆ ಸುಮಾರು 2 ಮೀಟರ್. ಕೋಶಕೇಂದ್ರವನ್ನು 6 ಸೆಂಟಿಮೀಟರಿನ ಚೆಂಡು ಅಂತ ಅಂದುಕೊಳ್ಳಿ. ಆಗ ಅದರೊಳಗಿನ ನೂಲು 20 ಕಿಲೋಮೀಟರ್ ಆಗುತ್ತದೆ, ಕೂದಲಿಗಿಂತ ಸಣ್ಣ ನೂಲು. ಸುಮ್ನೆ ತುರುಕಿದರೆ ಸಿಕ್ಕಾಗಿಬಿಡುತ್ತದೆ. ಅದಕ್ಕೆ ಹಿಸ್ಟೋನ್ ಅನ್ನುವ ಪ್ರೋಟೀನುಗಳಿವೆ. ಎಂಟು ಹಿಸ್ಟೋನ್ ಸೇರಿ ಒಂದು ಉಂಡೆ, ಆ ಉಂಡೆಗೆ 147 ಅಕ್ಷರಗಳಷ್ಟು ಡಿಎನ್‌ಎ ಸುತ್ತಿಕೊಳ್ಳುತ್ತದೆ, ಕಂಡಿಕೆಗೆ ನೂಲು ಸುತ್ತಿದ ಹಾಗೆ. ಸ್ವಲ್ಪ ಬಿಟ್ಟು ಮುಂದಿನ ಕಂಡಿಕೆ. ಹೀಗೆ ಸುತ್ತಿದ್ದನ್ನೇ ಮತ್ತೆ ಮಡಚಿ ಒಳಗಿಟ್ಟಿರುತ್ತದೆ. ಅಂದಹಾಗೆ, ಉಳ್ಳಾಗಡ್ಡಿಯ ನೂಲು ನಮ್ಮದಕ್ಕಿಂತ ಸುಮಾರು ಐದು ಪಟ್ಟು ಉದ್ದ! ನೂಲು ಜಾಸ್ತಿ ಇದ್ದ ಮಾತ್ರಕ್ಕೆ ಬಟ್ಟೆ ಜಾಸ್ತಿ ಆಗುವುದಿಲ್ಲ.

ಸುತ್ತುವುದರಲ್ಲೇ ಅರ್ಧ ವಿಷಯ ಇದೆ. ಬಿಗಿಯಾಗಿ ಸುತ್ತಿದ ಕಡೆ ಜೀನ್ ಓದಲು ಆಗುವುದಿಲ್ಲ, ಸಡಿಲವಾಗಿದ್ದ ಕಡೆ ಆಗುತ್ತದೆ. ನಿಮ್ಮ ಕೆನ್ನೆಯ ಕೋಶದಲ್ಲೂ ಹಿಮೋಗ್ಲೋಬಿನ್ನಿನ ಜೀನ್ ಪೂರ್ತಿ ಇದೆ, ಆದರೆ ಅಲ್ಲಿ ಅದು ಸುತ್ತಿಟ್ಟ ಕಂಡಿಕೆ, ಯಾರೂ ಬಿಚ್ಚುವುದಿಲ್ಲ. ಮಜ್ಜೆಯಲ್ಲಿ ಕೆಂಪು ಕಣ ಆಗಲಿರುವ ಕೋಶದಲ್ಲಿ ಮಾತ್ರ ಬಿಚ್ಚುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ವಿಡಿಯೋದಲ್ಲಿದ್ದ ಚಿಕಿತ್ಸೆ ಪೂರ್ತಿ ಇದರ ಮೇಲೆ ನಿಂತಿದೆ.

ಇನ್ನು ಹೊರಗಿನ ಗೋಡೆ. ಕೋಶಕೇಂದ್ರದ ಸುತ್ತ ಎರಡು ಪದರದ ಪೊರೆ, ಒಳಗಡೆಯಿಂದ ಆನಿಕೆಯಾಗಿ ಲ್ಯಾಮಿನ್ ಅನ್ನುವ ಪ್ರೋಟೀನಿನ ಬಲೆ. ಪೊರೆಯಲ್ಲಿ ಕೆಲವು ಸಾವಿರ ದ್ವಾರಗಳು. ದ್ವಾರ ಅಂದರೆ ಬರೀ ತೂತು ಅಲ್ಲ, ಸುಮಾರು 30 ಬಗೆಯ ಪ್ರೋಟೀನುಗಳು ನೂರಾರು ಸಂಖ್ಯೆಯಲ್ಲಿ ಸೇರಿ ಕಟ್ಟಿದ ಬಾಗಿಲು. ಸಣ್ಣ ಅಣುಗಳು ಯಾರನ್ನೂ ಕೇಳದೆ ಒಳಗೆ ಹೋಗುತ್ತವೆ. ದೊಡ್ಡ ಪ್ರೋಟೀನುಗಳಿಗೆ ಪಾಸ್ ಬೇಕು. ನಮ್ಮ ಮಕ್ಕಳ ಬಸ್ ಪಾಸ್ ಇದ್ದ ಹಾಗೇ, ಪ್ರೋಟೀನಿನ ಮೈಮೇಲೆ ಒಂದು ಸಣ್ಣ ಗುರುತು ಇರಬೇಕು. ಅದನ್ನು ನೋಡಿ ಹಿಡಿದುಕೊಳ್ಳುವ ಇನ್ನೊಂದು ಪ್ರೋಟೀನ್ ಅದನ್ನು ಒಳಗೆ ಕರೆದೊಯ್ಯುತ್ತದೆ. ಹೊರಗೆ ಬರುವ ನಕಲುಗಳಿಗೂ ತಪಾಸಣೆ ಇದೆ. ಕೋಶಕೇಂದ್ರದ ಒಳಗೇ ಇನ್ನೊಂದು ಗಾಢವಾದ ಚುಕ್ಕೆ ಕಾಣುತ್ತದೆ, ನ್ಯೂಕ್ಲಿಯೋಲಸ್. ಪ್ರೋಟೀನ್ ನೇಯುವ ರೈಬೋಸೋಮ್ ಎಂಬ ಮಗ್ಗಗಳ ಬಿಡಿಭಾಗ ತಯಾರಾಗುವುದು ಅಲ್ಲಿ.

ಈಗ ಆ ಹುಡುಗಿಯ ಜೀನ್.

ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಸರಪಣಿ. ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಣಿಯ ಜೀನ್ 11ನೇ ವರ್ಣತಂತುವಿನಲ್ಲಿದೆ. ಸಣ್ಣ ಜೀನ್, ಸುಮಾರು 1,600 ಅಕ್ಷರ. ಆದರೆ ಆ ಪಾಠ ಒಂದೇ ಓಟದಲ್ಲಿಲ್ಲ. ಕೆಲಸಕ್ಕೆ ಬರುವ ತುಂಡುಗಳು ಮೂರು, ಅವುಗಳ ನಡುವೆ ಬೇಡದ ತುಂಡುಗಳು ಎರಡು. ಮೊದಲ ಬೇಡದ ತುಂಡು 130 ಅಕ್ಷರ, ಎರಡನೆಯದು 850. ಕೋಶಕೇಂದ್ರದಲ್ಲಿ ಮೊದಲು ಪೂರ್ತಿ ಜೀನಿನ ಆರ್‌ಎನ್‌ಎ ನಕಲು ತೆಗೆಯುತ್ತದೆ, ಆಮೇಲೆ ಬೇಡದ್ದನ್ನು ಕತ್ತರಿಸಿ ಬಿಸಾಕಿ, ಬೇಕಾದ ಮೂರನ್ನು ಒಂದಕ್ಕೊಂದು ಜೋಡಿಸುತ್ತದೆ. ಜೀನುಗಳು ಹೀಗೆ ತುಂಡು ತುಂಡಾಗಿವೆ ಅಂತ 1977ರಲ್ಲಿ ಗೊತ್ತಾದಾಗ ವಿಜ್ಞಾನಿಗಳೇ ಬೆರಗಾದರು. ಅದಕ್ಕೆ 1993ರಲ್ಲಿ ರಿಚರ್ಡ್ ರಾಬರ್ಟ್ಸ್, ಫಿಲಿಪ್ ಶಾರ್ಪ್ ಅವರಿಗೆ ನೊಬೆಲ್ ಬಂತು.

ನೇಕಾರರಿಗೆ ಇದನ್ನು ಹೇಳುವುದು ಕಷ್ಟ ಆಗಲಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಕಿದ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಅವರ ಮನೆಯಲ್ಲಿ ಆ ಕೆಲಸ ಹುಡುಗಿಯ ಅವ್ವನದು. ಕೋಶಕೇಂದ್ರದಲ್ಲಿ ನಡೆಯುವುದೂ ಕೊಂಡಿಯ ಕೆಲಸವೇ. ಎಲ್ಲಿ ಕತ್ತರಿಸಬೇಕು ಅನ್ನುವುದು ಬೇಡದ ತುಂಡಿನ ಅಂಚಿನ ಕೆಲವೇ ಅಕ್ಷರಗಳನ್ನು ನೋಡಿ ಗೊತ್ತಾಗಬೇಕು. ಭಾರತದಲ್ಲಿ ಅತಿ ಹೆಚ್ಚು ಕಾಣುವ ಬೀಟಾ ಥಲಸ್ಸೇಮಿಯಾ ತಪ್ಪು ಇರುವುದು ಸರಿಯಾಗಿ ಅಲ್ಲೇ. ಮೊದಲ ಬೇಡದ ತುಂಡಿನ ಐದನೇ ಅಕ್ಷರ. ಜಿ ಇರಬೇಕಾದ ಕಡೆ ಸಿ ಇದೆ. ಅಷ್ಟೇ. ರಿಪೋರ್ಟಿನಲ್ಲಿ ಅದನ್ನು ಐವಿಎಸ್ 1-5 ಅಂತ ಬರೆಯುತ್ತಾರೆ. ಈ ಹುಡುಗಿಯ ರಿಪೋರ್ಟಿನಲ್ಲೂ ಅದೇ ಇದೆ, ಎರಡೂ ಕಡೆಯಿಂದ.

ಆ ಒಂದು ಅಕ್ಷರ ಬದಲಾದ್ದರಿಂದ ಕತ್ತರಿಗೆ ಜಾಗ ಸರಿಯಾಗಿ ಗುರುತು ಸಿಗುವುದಿಲ್ಲ. ಹತ್ತಿರದಲ್ಲಿ ಅದೇ ಥರ ಕಾಣುವ ಬೇರೆ ಮೂರು ಜಾಗಗಳಿವೆ, ಎರಡು ಸ್ವಲ್ಪ ಮೊದಲೇ, ಒಂದು ಸ್ವಲ್ಪ ದಾಟಿದ ಮೇಲೆ. ಅಲ್ಲಿ ಕತ್ತರಿಸಿಬಿಡುತ್ತದೆ. ಕೊಂಡಿ ತಪ್ಪಿದ ನಕಲಿನಿಂದ ಬೀಟಾ ಸರಪಣಿ ಆಗುವುದಿಲ್ಲ. ಎಲ್ಲೋ ಕೆಲವು ಮಾತ್ರ ಸರಿಯಾಗಿ ಬರುತ್ತವೆ, ಆದರೆ ಅವು ಸಾಲುವುದಿಲ್ಲ. ಗಮನಿಸಿ, ಬೀಟಾ ಸರಪಣಿಯ ಪಾಠದಲ್ಲಿ ಒಂದು ಅಕ್ಷರವೂ ಕೆಟ್ಟಿಲ್ಲ. ಕೆಟ್ಟಿರುವುದು ಬಿಸಾಕುವ ತುಂಡಿನಲ್ಲಿ. ಇದನ್ನು ಹೇಳಿದಾಗ ಆ ತಾಯಿ ಕೈಯಲ್ಲಿದ್ದ ಎಳೆ ಹಿಡಿದುಕೊಂಡೇ "ಒಂದ ಎಳಿ ತಪ್ಪಿದ್ರ ಇಷ್ಟು ಆಗ್ತದೇನ್ರಿ?" ಅಂದರು.

ಆಗುತ್ತದೆ. ಬೀಟಾ ಕಡಿಮೆಯಾದರೆ ಜೋಡಿ ಸಿಗದ ಆಲ್ಫಾ ಸರಪಣಿಗಳು ಕೋಶದೊಳಗೆ ಗಂಟುಕಟ್ಟಿ ಅದನ್ನು ಮಜ್ಜೆಯಲ್ಲೇ ಸಾಯಿಸುತ್ತವೆ. ರಕ್ತ ಕಡಿಮೆ ಅಂತ ಮಜ್ಜೆ ಇನ್ನೂ ಜಾಸ್ತಿ ದುಡಿಯುತ್ತದೆ, ಮುಖದ, ತಲೆಯ ಮೂಳೆ ಉಬ್ಬುತ್ತವೆ, ಗುಲ್ಮ ದೊಡ್ಡದಾಗುತ್ತದೆ. ಹುಟ್ಟಿದಾಗ ಮಗು ಚೆನ್ನಾಗೇ ಇರುತ್ತದೆ, ಆರು ತಿಂಗಳು ದಾಟಿದ ಮೇಲೆ ಬಿಳಿಚಿಕೊಳ್ಳಲು ಶುರು. ಈ ಹುಡುಗಿಗೂ ಹಾಗೇ ಆಗಿತ್ತು. ಒಂದು ದವಾಖಾನೆಯಲ್ಲಿ ವರ್ಷಗಟ್ಟಲೆ ಕಬ್ಬಿಣದ ಟಾನಿಕ್ ಕುಡಿಸಿದ್ದರು. ರಕ್ತ ಕಡಿಮೆ ಅಂದ ಕೂಡಲೇ ಕಬ್ಬಿಣ ಕೊಡುವುದು ನಮ್ಮ ಕಡೆ ಬಹಳ ಕಾಲದಿಂದ ನಡೆದುಬಂದಿದೆ, ಆದರೆ ಇಲ್ಲಿ ಕೊರತೆ ಕಬ್ಬಿಣದ್ದಲ್ಲ. ರಕ್ತ ಏರಿಸುವಾಗ ಪ್ರತಿ ಬಾಟಲಿಯಲ್ಲೂ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರುತ್ತದೆ, ಅದನ್ನು ಹೊರಹಾಕುವ ದಾರಿ ಮೈಗೆ ಗೊತ್ತಿಲ್ಲ. ಹೃದಯ, ಯಕೃತ್ತಿನಲ್ಲಿ ಕೂರುತ್ತದೆ. ಅದಕ್ಕೇ ಆಕೆ ದಿನವೂ ಕಬ್ಬಿಣ ಹೊರಹಾಕುವ ಡೆಫೆರಾಸಿರಾಕ್ಸ್ ಮಾತ್ರೆ ತೆಗೆದುಕೊಳ್ಳುವುದು. ರಕ್ತ ಎಷ್ಟು ಮುಖ್ಯವೋ ಈ ಮಾತ್ರೆಯೂ ಅಷ್ಟೇ ಮುಖ್ಯ. ತಪ್ಪಿಸಬಾರದು.

ಆರು ತಿಂಗಳು ಯಾಕೆ? ಹೊಟ್ಟೆಯಲ್ಲಿದ್ದಾಗ ಮಗು ಬೇರೆ ಹಿಮೋಗ್ಲೋಬಿನ್ ಬಳಸುತ್ತದೆ. ಬೀಟಾ ಬದಲು ಗಾಮಾ ಸರಪಣಿ. ಆ ಜೀನೂ 11ನೇ ವರ್ಣತಂತುವಿನಲ್ಲೇ, ಬೀಟಾದ ಪಕ್ಕದಲ್ಲೇ ಇದೆ. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಗಾಮಾ ಕಂಡಿಕೆ ಸುತ್ತಿಕೊಳ್ಳುತ್ತದೆ, ಬೀಟಾ ಬಿಚ್ಚಿಕೊಳ್ಳುತ್ತದೆ. ಗಾಮಾ ಜೀನ್ ಹೋಗುವುದಿಲ್ಲ, ಜೀವನಪೂರ್ತಿ ಅಲ್ಲೇ ಇರುತ್ತದೆ, ಮುಚ್ಚಿಕೊಂಡು. ಅದನ್ನು ಮುಚ್ಚಿಡುವುದರಲ್ಲಿ ಬಿಸಿಎಲ್11ಎ ಅನ್ನುವ ಪ್ರೋಟೀನಿನ ಪಾತ್ರ ದೊಡ್ಡದು ಅಂತ 2008ರಲ್ಲಿ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಜೊತೆಗಾರರು ತೋರಿಸಿದರು.

ವಿಡಿಯೋದಲ್ಲಿದ್ದ ಚಿಕಿತ್ಸೆ ಮಾಡುವುದು ಇದನ್ನೇ. ಅದು ಕೆಟ್ಟ ಬೀಟಾ ಜೀನನ್ನು ರಿಪೇರಿ ಮಾಡುವುದಿಲ್ಲ. ಬಹಳ ಜನ ಹಾಗೆ ತಿಳಿದಿದ್ದಾರೆ. ಅದು ಮಾಡುವುದು ಬಿಸಿಎಲ್11ಎ ಜೀನಿನಲ್ಲಿ, ಕೆಂಪು ಕಣದ ಕೋಶಗಳಲ್ಲಿ ಮಾತ್ರ ಕೆಲಸ ಮಾಡುವ ಒಂದು ಸ್ವಿಚ್ಚಿನ ಮೇಲೆ ಕತ್ತರಿ ಹಾಕುವುದು. ಮುಚ್ಚುವ ಕೈ ದುರ್ಬಲವಾದರೆ ಗಾಮಾ ಮತ್ತೆ ಬಿಚ್ಚಿಕೊಳ್ಳುತ್ತದೆ, ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ಶುರುವಾಗುತ್ತದೆ. ಹೆಸರು ಕ್ಯಾಸ್ಜೆವಿ. ಬ್ರಿಟನ್ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು, ಥಲಸ್ಸೇಮಿಯಾಕ್ಕೆ ಅಮೆರಿಕ 2024ರ ಜನವರಿಯಲ್ಲಿ ಕೊಟ್ಟಿತು.

ಕತ್ತರಿಯನ್ನು ಒಳಗೆ ಕಳಿಸುವ ರೀತಿ ನನಗೆ ಬಹಳ ಇಷ್ಟ. ಜೀನ್ ಕತ್ತರಿಸುವ ಈ ವಿಧಾನಕ್ಕೆ ಕ್ರಿಸ್ಪರ್ ಅಂತಾರೆ. ಅದರ ಕತ್ತರಿ, ಅಂದರೆ ಕ್ಯಾಸ್9, ಮೂಲದಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನ್. ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರವೇ ಇಲ್ಲ, ಹಾಗಾಗಿ ಅದರ ಪ್ರೋಟೀನಿಗೆ ಒಳಗೆ ಹೋಗುವ ಪಾಸೂ ಇಲ್ಲ. ವಿಜ್ಞಾನಿಗಳು ಪಾಸ್ ಅಂಟಿಸಿದರು. ಹೆಚ್ಚು ಬಳಕೆಯಲ್ಲಿರುವ ಒಂದು ಪಾಸ್ ಬರೀ ಏಳು ಅಮೈನೋ ಆಮ್ಲಗಳದ್ದು, ಎಸ್‌ವಿ40 ಅನ್ನುವ ವೈರಸ್ಸಿನಿಂದ ತೆಗೆದದ್ದು. ಅಷ್ಟು ಸಣ್ಣ ಗುರುತು ಇಲ್ಲದಿದ್ದರೆ ಅಷ್ಟು ದೊಡ್ಡ ಕತ್ತರಿ ಬಾಗಿಲ ಹೊರಗೇ ನಿಲ್ಲುತ್ತದೆ.

ಇಷ್ಟೆಲ್ಲ ಆಗುವುದು ಮೈಯೊಳಗಲ್ಲ, ಹೊರಗೆ. ರೋಗಿಯ ಆಕರಕೋಶಗಳನ್ನು, ಅಂದರೆ ರಕ್ತಕಣಗಳನ್ನೆಲ್ಲ ಹುಟ್ಟಿಸುವ ಮಜ್ಜೆಯ ಮೂಲ ಕೋಶಗಳನ್ನು, ರಕ್ತದಿಂದ ಸೋಸಿ ತೆಗೆದು, ಲ್ಯಾಬಿಗೆ ಕಳಿಸಿ, ಅಲ್ಲಿ ಅವುಗಳ ಕೋಶಕೇಂದ್ರದಲ್ಲಿ ಕತ್ತರಿ ಆಡಿಸಿ ಪರೀಕ್ಷೆ ಮಾಡುತ್ತಾರೆ. ಇತ್ತ ರೋಗಿಗೆ ಜೋರಾದ ಕೀಮೋ ಕೊಟ್ಟು ಹಳೇ ಮಜ್ಜೆಯನ್ನು ಖಾಲಿ ಮಾಡಿ, ಆಮೇಲೆ ತಿದ್ದಿದ ಕೋಶಗಳನ್ನು ವಾಪಸ್ ಹಾಕುತ್ತಾರೆ. ವಾರಗಟ್ಟಲೆ ಸೋಂಕಿನ ಭಯ, ಮುಂದೆ ಮಕ್ಕಳಾಗುವುದರ ಮೇಲೂ ಕೀಮೋದ ಪರಿಣಾಮ ಆಗಬಹುದು. ಫಲಿತಾಂಶ ಮಾತ್ರ ನಿಜಕ್ಕೂ ದೊಡ್ಡದು. 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಕಷ್ಟು ಕಾಲ ಗಮನಿಸಿದ 35 ಥಲಸ್ಸೇಮಿಯಾ ರೋಗಿಗಳ ಪೈಕಿ 32 ಜನಕ್ಕೆ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ರಕ್ತವೇ ಬೇಕಾಗಲಿಲ್ಲ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಜಾಸ್ತಿ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ದೆಹಲಿಯ ಸಿಎಸ್‌ಐಆರ್-ಐಜಿಐಬಿ ಅನ್ನುವ ಸರ್ಕಾರಿ ಸಂಶೋಧನಾ ಸಂಸ್ಥೆ, ಕೆಂಪು ಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ರೋಗಕ್ಕೆ ಬಿರ್ಸಾ 101 ಅನ್ನುವ ಕ್ರಿಸ್ಪರ್ ಚಿಕಿತ್ಸೆ ರೂಪಿಸಿದೆ, 2025ರ ನವೆಂಬರಿನಲ್ಲಿ ಅದನ್ನು ಪರಿಚಯಿಸಿದರು. ಸಿಕಲ್ ಸೆಲ್‌ನಲ್ಲಿ ಕೆಟ್ಟಿರುವುದೂ ಇದೇ ಬೀಟಾ ಜೀನ್. ಹಾಗಾಗಿ ಆಸೆ ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳಬೇಕು ಕೂಡ. ಇವತ್ತು ಕೈಗೆ ಸಿಗುವ ಗುಣಪಡಿಸುವ ದಾರಿ ಅಂದರೆ ಮಜ್ಜೆ ಕಸಿ. ಅದಕ್ಕೆ ಹೊಂದುವ ದಾನಿ ಬೇಕು, ಒಡಹುಟ್ಟಿದ ಒಬ್ಬರು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಹುಡುಗಿಗೆ ಇರುವವನು ಒಬ್ಬನೇ ಅಣ್ಣ, ಅವನದು ಹೊಂದಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಥಲಸ್ಸೇಮಿಯಾವೂ ಸೇರಿದೆ. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ, ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಇಲ್ಲಿಗೆ ವಿಡಿಯೋದ ಕಥೆ ಮುಗಿಯಿತು. ವಿಡಿಯೋ ಹೇಳದ ಒಂದು ಮಾತು ಉಳಿಯಿತು, ನನ್ನ ಪ್ರಕಾರ ನಮ್ಮ ಜಿಲ್ಲೆಗೆ ಅದೇ ಮುಖ್ಯ.

18 ಕೋಟಿ ಕೊಟ್ಟು ಚಿಕಿತ್ಸೆ ಮಾಡಿಸಿದರೂ ತಿದ್ದುವುದು ಮಜ್ಜೆಯ ಕೋಶಕೇಂದ್ರಗಳನ್ನು ಮಾತ್ರ. ಅಂಡಾಣು, ವೀರ್ಯಾಣುಗಳ ಕೋಶಕೇಂದ್ರದಲ್ಲಿ ಆ ಸಿ ಅಕ್ಷರ ಹಾಗೇ ಇರುತ್ತದೆ. ಅಂದರೆ ಚಿಕಿತ್ಸೆ ಒಬ್ಬರನ್ನು ಉಳಿಸುತ್ತದೆ, ಮುಂದಿನ ಮಗುವಿಗೆ ತಪ್ಪು ಹೋಗುವುದನ್ನು ತಡೆಯುವುದಿಲ್ಲ. ಅದನ್ನು ತಡೆಯುವ ಕೆಲಸ ಮದುವೆಗೆ ಮೊದಲಿನ ಒಂದು ರಕ್ತಪರೀಕ್ಷೆಯಿಂದ ಆಗುತ್ತದೆ, ಖರ್ಚು ಸಾವಿರ ರೂಪಾಯಿಯ ಆಸುಪಾಸು.

ನಮ್ಮ ಪ್ರತಿ ಕೋಶಕೇಂದ್ರದಲ್ಲೂ ಬೀಟಾ ಜೀನ್ ಎರಡು ಇವೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಅಂಥವರಿಗೆ ವಾಹಕರು ಅಂತಾರೆ, ಥಲಸ್ಸೇಮಿಯಾ ಮೈನರ್ ಅಂತಲೂ ಹೇಳುತ್ತಾರೆ. ಅದು ರೋಗ ಅಲ್ಲ. ಭಾರತದಲ್ಲಿ ನೂರಕ್ಕೆ ಮೂರ್ನಾಲ್ಕು ಜನ ವಾಹಕರಿದ್ದಾರೆ, ಬಹುತೇಕರಿಗೆ ಗೊತ್ತೇ ಇರುವುದಿಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪ್ರತಿ ಬಸಿರಿನಲ್ಲೂ! ಒಂದು ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಅನ್ನುವ ಲೆಕ್ಕ ತಪ್ಪು.

"ಸರ, ಹಂಗಾದ್ರ ತಪ್ಪು ನಂದೋ, ಆಕೀದೋ?" ಅಂತ ಅಪ್ಪ ಕೇಳಿದರು. ಇಬ್ಬರಿಂದಲೂ ಒಂದೊಂದು ಬಂದಿದೆ, ಒಂದೇ ಬಂದಿದ್ದರೆ ಹುಡುಗಿಗೆ ಏನೂ ಆಗುತ್ತಿರಲಿಲ್ಲ ಅಂತ ಹೇಳಿದೆ. ಆ ತಾಯಿ ಹದಿನಾಲ್ಕು ವರ್ಷ ಅತ್ತೆ ಮನೆಯಲ್ಲಿ ಈ ಮಾತು ಕೇಳಿಸಿಕೊಂಡಿದ್ದಾರೆ. ಅವತ್ತು ಏನೂ ಹೇಳಲಿಲ್ಲ, ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು.

ಅವರಿಬ್ಬರದು ಸಂಬಂಧದಲ್ಲಿ ಆದ ಮದುವೆ ಅಲ್ಲ. ಆಕೆಯ ತವರು ಬೇರೆ ತಾಲೂಕು, ಹಿಂದೆ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸೋದರಿಕೆ ಬಿಟ್ಟರೆ ಸಾಕು ಅಂತ ಭಾಷಣ ಮಾಡುವವರಿದ್ದಾರೆ. ಸಾಲದು. ಹೊರಗಿನ ಸಂಬಂಧದಲ್ಲೂ ಇಬ್ಬರು ವಾಹಕರು ಸಿಕ್ಕಬಹುದು. ಇನ್ನೊಂದು ಕಡೆ, ಈ ರೋಗ ಸಿಂಧಿ, ಪಂಜಾಬಿ, ಗುಜರಾತಿಗಳದ್ದು, ನಮ್ಮ ಕಡೆ ಇಲ್ಲ ಅನ್ನುವ ಮಾತೂ ಇದೆ. ಆ ಸಮುದಾಯಗಳಲ್ಲಿ ವಾಹಕರು ಜಾಸ್ತಿ ಅನ್ನುವುದು ನಿಜ, ನಮ್ಮಲ್ಲಿ ಇಲ್ಲ ಅನ್ನುವುದು ಸುಳ್ಳು. ಬಾಗಲಕೋಟೆಯಲ್ಲಿ ಈ ಹುಡುಗಿಯ ಜೊತೆ ಅಕ್ಕಪಕ್ಕದ ಮಂಚದಲ್ಲಿ ರಕ್ತ ಏರಿಸಿಕೊಳ್ಳುವವರು ನಮ್ಮ ಹಳ್ಳಿಗಳ ಮಕ್ಕಳೇ.

ಆದರೆ ಸೋದರಿಕೆಯ ಲೆಕ್ಕವನ್ನೂ ಮುಚ್ಚಿಡಬಾರದು. ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಮದುವೆ ರಕ್ತಸಂಬಂಧದಲ್ಲೇ ಆಗುತ್ತವೆ. ಅಕ್ಕನ ಮಗಳು, ಸೋದರಮಾವನ ಮಗಳು. ಅಪರಿಚಿತ ಹುಡುಗಿಯೊಬ್ಬಳು ವಾಹಕಿ ಆಗಿರುವ ಸಾಧ್ಯತೆ ಸುಮಾರು 30ರಲ್ಲಿ 1. ನೀವು ವಾಹಕರಾಗಿದ್ದರೆ ನಿಮ್ಮ ಅಕ್ಕನ ಮಗಳು ಅದೇ ತಪ್ಪು ಹೊತ್ತಿರುವ ಸಾಧ್ಯತೆ 4ರಲ್ಲಿ 1, ಸೋದರಮಾವನ ಮಗಳು ಹೊತ್ತಿರುವುದು 8ರಲ್ಲಿ 1.

ಇದನ್ನು ಹೇಳುವಾಗ ಹುಡುಗಿಯ ಅಣ್ಣ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. 24 ವರ್ಷ, ಹುನಗುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅವನಿಗೆ ಸೋದರಮಾವನ ಮಗಳನ್ನು ತರುವ ಮಾತು ನಡೆದಿದೆ ಅಂತ ನನಗೆ ಆಗ ಗೊತ್ತಾಯಿತು. ಅವನೇ ಕೇಳಿದ, "ನಂದು ಲೆಕ್ಕ ಎಷ್ಟ್ರಿ ಸರ?"

ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತೋರಿಸಿದೆ. ಅಪ್ಪ, ಅವ್ವ ಇಬ್ಬರೂ ವಾಹಕರು. ಅವನಿಗೆ ಮೇಜರ್ ಇಲ್ಲ ಅಂದಮೇಲೆ ಅವನು ವಾಹಕ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ಅವ್ವ ವಾಹಕಿ, ಹಾಗಾಗಿ ಅವ್ವನ ತಮ್ಮ ವಾಹಕ ಆಗಿರುವ ಸಾಧ್ಯತೆ ಎರಡರಲ್ಲಿ ಒಂದು, ಅವನ ಮಗಳು ನಾಲ್ಕರಲ್ಲಿ ಒಂದು. ಇಬ್ಬರೂ ವಾಹಕರಾಗಿ, ಮಗುವಿಗೂ ಎರಡೂ ಕಡೆಯದು ಬರುವ ಸಾಧ್ಯತೆ ಕೂಡಿಸಿದರೆ 24ರಲ್ಲಿ 1. ಸಂಬಂಧವಿಲ್ಲದ, ಮನೆಯಲ್ಲಿ ಯಾರಿಗೂ ಈ ರೋಗವಿಲ್ಲದ ಜೋಡಿಗೆ ಅದೇ ಲೆಕ್ಕ ಹಾಕಿದರೆ 3,600ರಲ್ಲಿ 1. ಅವನು ಹಾಳೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡ.

ಇದು ಮದುವೆ ಬೇಡ ಅನ್ನುವ ಲೆಕ್ಕ ಅಲ್ಲ. ಪರೀಕ್ಷೆ ಮಾಡಿಸಿ ಅನ್ನುವ ಲೆಕ್ಕ. ಇಬ್ಬರಲ್ಲಿ ಒಬ್ಬರದು ಸರಿ ಇದ್ದರೂ ಸಾಕು, ಹುಟ್ಟುವ ಮಗುವಿಗೆ ಮೇಜರ್ ಆಗುವ ಭಯ ಇಲ್ಲ. ಅದಕ್ಕೇ ನಾನು ಹೇಳುವುದು, ಮೊದಲು ಗಂಡಿನ ಪರೀಕ್ಷೆ ಆಗಲಿ. ನಮ್ಮ ಊರುಗಳಲ್ಲಿ ಹುಡುಗಿಯ ರಕ್ತದಲ್ಲಿ ಏನೋ ಇದೆ ಅಂತ ಒಂದು ಮಾತು ಹೊರಬಿದ್ದರೆ ಆಕೆಗೆ ಮುಂದೆ ಸಂಬಂಧ ಬರುವುದೇ ಕಷ್ಟ, ಹುಡುಗನಿಗೆ ಹಾಗಲ್ಲ. ಅವನದು ಸರಿ ಬಂದರೆ ಆಕೆಗೆ ಸೂಜಿ ಚುಚ್ಚುವ ಅಗತ್ಯವೂ ಇಲ್ಲ. ಇನ್ನೂ ಒಳ್ಳೆಯದು ಅಂದರೆ ಪಿಯುಸಿಯಲ್ಲೇ ಎಲ್ಲರಿಗೂ ಮಾಡಿಬಿಡುವುದು, ನಿಶ್ಚಯದ ಹೊತ್ತಿಗಲ್ಲ. ಒಂದು ಹನಿ ರಕ್ತವನ್ನು ತೆಳು ಉಪ್ಪುನೀರಿನಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟು, ಕೊಳವೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯುವ ಒಂದು ಸರಳ ಪರೀಕ್ಷೆ ಇದೆ, ನೆಸ್ಟ್ರಾಫ್ಟ್ ಅಂತ. ಕಣಗಳು ಒಡೆದು ನೀರು ತಿಳಿಯಾದರೆ ಗೆರೆ ಕಾಣುತ್ತದೆ. ವಾಹಕರ ಕಣಗಳು ಸುಲಭವಾಗಿ ಒಡೆಯುವುದಿಲ್ಲ, ನೀರು ಮಬ್ಬಾಗೇ ಇರುತ್ತದೆ, ಗೆರೆ ಕಾಣುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲೇ ಮಾಡಬಹುದಾದಷ್ಟು ಸುಲಭ. ಗೆರೆ ಕಾಣದವರಿಗೆ ಮಾತ್ರ ಮುಂದಿನ ಪರೀಕ್ಷೆ. ಸೈಪ್ರಸ್‌ನಲ್ಲಿ ಸುಮಾರು ಏಳರಲ್ಲಿ ಒಬ್ಬರು ವಾಹಕರು, ಅಲ್ಲಿ ಮದುವೆಗೆ ಮೊದಲು ಪರೀಕ್ಷೆಯ ಕಾಗದ ಬೇಕು ಅಂತ ಚರ್ಚೇ ಹೇಳಿತು. ಈಗ ಅಲ್ಲಿ ಮೇಜರ್ ಇರುವ ಮಗು ಹುಟ್ಟುವುದೇ ಅಪರೂಪ.

ಅಣ್ಣ ಮರುವಾರ ತಂಗಿಯನ್ನು ರಕ್ತಕ್ಕೆ ಕರೆದುಕೊಂಡು ಹೋದಾಗ ತನ್ನದನ್ನೂ ಕೊಟ್ಟು ಬಂದ. ಮೊದಲು ಮಾಮೂಲಿ ರಕ್ತ ಎಣಿಕೆಯ ರಿಪೋರ್ಟ್ ತಂದು ತೋರಿಸಿದ. ಹಿಮೋಗ್ಲೋಬಿನ್ 12.6. ಇಷ್ಟು ನೋಡಿ ಸ್ವಲ್ಪ ಕಡಿಮೆ ಇದೆ, ಕಬ್ಬಿಣದ ಮಾತ್ರೆ ತಗೋ ಅಂತ ಕಳಿಸಿಬಿಡಬಹುದಿತ್ತು. ಕೆಳಗೆ ನೋಡಿದೆ. ಕೆಂಪು ಕಣಗಳ ಎಣಿಕೆ 5.9, ಎಂಸಿವಿ, ಅಂದರೆ ಒಂದು ಕಣದ ಸರಾಸರಿ ಗಾತ್ರ, 64. ಕಣಗಳು ಜಾಸ್ತಿ, ಆದರೆ ಚಿಕ್ಕವು. ಎಂಸಿವಿಯನ್ನು ಎಣಿಕೆಯಿಂದ ಭಾಗಿಸಿದರೆ 10.8. ಇದು 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ವಾಹಕ ಇರಬಹುದು ಅಂತ ಅನುಮಾನ ಪಡಬೇಕು. ಬರೀ ಅನುಮಾನ ಅಷ್ಟೇ, ಖಾತ್ರಿಗೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು. ನಿಮ್ಮ ಮನೆಯಲ್ಲಿ ಹಳೇ ರಿಪೋರ್ಟ್ ಇದ್ದರೆ ಈಗಲೇ ತೆಗೆದು ಭಾಗಿಸಿ ನೋಡಿ.

ನಾಲ್ಕು ದಿನದ ಮೇಲೆ ಎಚ್‌ಪಿಎಲ್‌ಸಿ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ನಿನ ಎ2 ಅನ್ನುವ ಬಗೆ ನೂರಕ್ಕೆ 3.5ಕ್ಕಿಂತ ಕೆಳಗಿರಬೇಕು, ವಾಹಕರಲ್ಲಿ ಅದು ಜಾಸ್ತಿ. ಅವನದು 5.2.

ಈಗ ಸೋದರಮಾವನ ಮಗಳ ಸರದಿ. ಸೋದರಮಾವ ಮೊದಲು ಒಪ್ಪಲಿಲ್ಲ, ನಮ್ಮ ಮನೆತನದಲ್ಲಿ ಇಂಥದ್ದಿಲ್ಲ ಅಂದರಂತೆ. ಅವರ ಅಕ್ಕನೇ, ಅಂದರೆ ಕೊಂಡಿ ಹಾಕುವ ಆ ತಾಯಿಯೇ, ಹೋಗಿ ಎರಡು ದಿನ ಅಲ್ಲೇ ಇದ್ದು ಒಪ್ಪಿಸಿ ಬಂದರು. ಸೋಮವಾರ ಬಾಗಲಕೋಟೆಗೆ ಹೋಗುತ್ತಾರೆ. ಮಾವ ಒಂದು ಶರತ್ತು ಹಾಕಿದ್ದಾರೆ, ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಸೀರೆ ತರಲು ಹೊರಟಿದ್ದೇವೆ ಅಂತಲೇ ಹೇಳಬೇಕು.